ಮೂರು ಮಿಲಿಮೀಟರ್ ವಾಲಿದ ಸುರುಳಿ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಹಿಂಬದಿಯ ವರ್ಕ್‌ಶಾಪಿನಲ್ಲಿ ಇನ್ನೂ ದೀಪ ಹಾಕಿಲ್ಲ. ಎತ್ತರದ ಕಿಟಕಿಯಿಂದ ಇಳಿಯುವ ನಸುಬೆಳಕಿನಲ್ಲಿ ತಾಮ್ರದ ಪಟ್ಟಿ ನಿಧಾನವಾಗಿ ತಿರುಗುತ್ತಿದೆ. ಅದರ ಮುಂದೆ ಒಬ್ಬರು ಅರೆಗಣ್ಣು ಮುಚ್ಚಿ, ತುಟಿಯಲ್ಲೇ ಎಣಿಸುತ್ತಾ ನಿಂತಿದ್ದಾರೆ. ಐದು. ನೈಲಾನ್ ಸುತ್ತಿಗೆಯಿಂದ ಎರಡು ಮೆತ್ತನೆಯ ಪೆಟ್ಟು. ಆರು. ಯಾವುದೋ ಕನಸಿನಲ್ಲಿದ್ದಾರೆ ಅನ್ನಿಸುತ್ತದೆ. ಮಾತಾಡಿಸಿ ನೋಡಿ, "ಶ್! ಎಣಿಕೆ ತಪ್ಪುತ್ತೆ" ಎಂದು ಗದರುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಸುರುಳಿ ಮಾಮ. ನಿರ್ದೇಶಕರೂ ಹಾಗೇ ಕರೆಯುವುದು. ಮೂವತ್ತೊಂದು ವರ್ಷದಿಂದ ಆಯಸ್ಕಾಂತಗಳಿಗೆ ತಾಮ್ರ ಸುತ್ತುವುದೇ ಕೆಲಸ. ಈ ದಿನ ಸುತ್ತುತ್ತಿರುವುದು ಬರೀ ಹನ್ನೆರಡು ಸುತ್ತಿನ ಪುಟ್ಟ ಸುರುಳಿ. ಮಧ್ಯಾಹ್ನ ಮೂರಕ್ಕೆ ಅದರ ಪರೀಕ್ಷೆ. ಅದು ಗೆದ್ದರೆ ಮಾಮನ ತಪ್ಪು ಎಲ್ಲರೆದುರು ಸಾಬೀತಾಗುತ್ತದೆ, ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ನಾಲ್ಕು ವರ್ಷದ ವಾದ ಮಣ್ಣುಪಾಲಾಗುತ್ತದೆ. ಸೋತರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ಏನಾಗಲಿ ಅಂತ ಆಸೆ ಪಡಬೇಕು ಅಂತಲೇ ತಿಳೀತಿಲ್ಲ" ಎನ್ನುತ್ತಾರೆ.

ಮಾಮ ಓದಿದ್ದು ಅಷ್ಟಕ್ಕಷ್ಟೆ. ಅಪ್ಪನದು ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಪಂಪು, ಫ್ಯಾನು, ಮಿಕ್ಸಿ ಎಂದುಕೊಂಡು ಬೆಳೆದವರು ಈ ಪ್ರಯೋಗಾಲಯದ ದೈತ್ಯ ಸುರುಳಿಗಳಿಗೆ ಬಂದು ಸೇರಿದರು. ದೊಡ್ಡ ಸುರುಳಿಗೆ ಅರವತ್ತು ಸುತ್ತು, ಸುತ್ತೊಂದಕ್ಕೆ ಹತ್ತು ನಿಮಿಷ. ತಾಮ್ರ ಸವರಿ ಸವರಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿವೆ. ಗೇಟಿನ ಬೆರಳಚ್ಚು ಯಂತ್ರಕ್ಕೆ ಇವರ ಗುರುತೇ ಸಿಗುವುದಿಲ್ಲ, ಪಾಪ, ದಿನಾ ಕಾವಲುಗಾರನ ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಬರುತ್ತಾರೆ. ಬಲಭುಜ ಎತ್ತಿದರೆ ಕಿರುಗುಟ್ಟುತ್ತದೆ.

ಈ ಸುರುಳಿಗಳ ನಡುವೆ ಏನು ನಡೆಯುತ್ತದೆಂದು ಮಾಮನಿಗೆ ಹೇಳಿಕೊಟ್ಟವಳು ಆ ವಿದ್ಯಾರ್ಥಿನಿಯೇ. ಮಧ್ಯಾಹ್ನದ ಟೀಗೆ ವರ್ಕ್‌ಶಾಪಿಗೇ ಬಂದು, ಸ್ಟೂಲಿನ ಮೇಲೆ ಕಾಲು ಮಡಚಿ ಕೂರುತ್ತಾಳೆ. ಅನಿಲವನ್ನು ವಿಪರೀತ ಕಾಯಿಸಿದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತು ಬರುತ್ತವೆ, ಅದೇ ಪ್ಲಾಸ್ಮಾ. ಸೂರ್ಯ, ಮಿಂಚು, ನಕ್ಷತ್ರ ಎಲ್ಲ ಅದೇ. ಅಂಥ ಬಿಸಿಯನ್ನು ತಾಳುವ ಪಾತ್ರೆ ಪ್ರಪಂಚದಲ್ಲಿಲ್ಲ. ಹಾಗಾಗಿ ಆಯಸ್ಕಾಂತದ ಬಲವೇ ಅದಕ್ಕೆ ಗೋಡೆ.

"ನೀರಿನ ಹಾಗೆ ಹರಿಯುತ್ತೆ ಮಾಮ, ತಂತಿ ಹಾಗೆ ಕರೆಂಟನ್ನೂ ಒಯ್ಯುತ್ತೆ. ಆಯಸ್ಕಾಂತದ ಗೆರೆಗಳು ಅದರೊಳಗೆ ಬಟ್ಟೇಲಿ ನೇಯ್ದ ದಾರದ ಹಾಗೆ ಇರ್ತವೆ. ದಾರ ಎಳೆದ್ರೆ ಬಟ್ಟೆ ಬರುತ್ತೆ, ಬಟ್ಟೆ ಎಳೆದ್ರೆ ದಾರ ಬರುತ್ತೆ. ಇದರ ಲೆಕ್ಕಕ್ಕೇ ಮ್ಯಾಗ್ನೆಟೋಹೈಡ್ರೊಡೈನಮಿಕ್ಸ್ ಅನ್ನೋದು."

"ಅಬ್ಬಬ್ಬಾ! ಆ ಹೆಸರು ಹೇಳಿ ಮುಗಿಸೋದ್ರಲ್ಲಿ ನಂದು ಒಂದು ಸುತ್ತು ಮುಗಿದಿರುತ್ತಲ್ಲೇ."

ಒಂದು ಸಲ ಅವಳು ಸೀಮೆಸುಣ್ಣದಲ್ಲಿ ನೆಲದ ಮೇಲೆ ಯಂತ್ರದ ಬಳೆಯಾಕಾರ ಬರೆದು ಒಂದು ಕಡೆ ಗುರುತು ಹಾಕಿದಳು. ಸಾವಿರದ ನಾನೂರು ಪ್ರಯೋಗದಲ್ಲೂ ಪ್ಲಾಸ್ಮಾ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬಾಳುವುದಿಲ್ಲ, ಅಲ್ಲೇ ಗೋಡೆಗೆ ತಾಗಿ ಆರಿಹೋಗುತ್ತದೆ. ಇದು ಪ್ಲಾಸ್ಮಾದೊಳಗೇ ಹುಟ್ಟುವ ಹೊಸ ಬಗೆಯ ಓಲಾಟ ಎಂಬುದು ಅವಳ ವಾದ. ಹೇಳುವಾಗ ಕಣ್ಣು ಫಳಫಳ ಅನ್ನುತ್ತಿತ್ತು. ಮಾಮ ಮಾತ್ರ ಆ ಗುರುತನ್ನೇ ನೋಡುತ್ತಿದ್ದರು. ಆ ಗುರುತಿನ ಮೇಲೆಯೇ ಅವರ ಮೂರನೇ ಸುರುಳಿ ಕೂತಿದೆ.

ಐದು ವರ್ಷದ ಹಿಂದಿನ ಮಾತು. ಸುರುಳಿಯನ್ನು ಅಚ್ಚಿನಲ್ಲಿ ಕೂರಿಸುವಾಗ ಸುತ್ತ ಎಂಟು ಫೈಬರ್ ಪಟ್ಟಿ ಕೊಟ್ಟು ಮಟ್ಟ ಮಾಡುತ್ತಾರೆ. ಸುರುಳಿಯನ್ನು ಭದ್ರವಾಗಿ ಹಿಡಿದಿಡುವ ರಾಳ ಸುರಿಯುವ ಮುಂಚೆ ಎಂಟನ್ನೂ ಎಳೆದು ತೆಗೆಯಬೇಕು. ಕಲಸಿದ ರಾಳ ಗಟ್ಟಿಯಾಗುತ್ತಿದೆ ಎಂಬ ಗಡಿಬಿಡಿಯಲ್ಲಿ ಮಾಮ ಸುರಿದೇಬಿಟ್ಟರು. ಆಮೇಲೆ ನೋಡಿದರೆ ಡಬ್ಬಿಯಲ್ಲಿ ಏಳೇ ಪಟ್ಟಿ. "ಕಸದ ಜೊತೆ ಹೋಗಿರಬೇಕು ಅಂದ್ಕೊಂಡೆ. ಅಂದ್ಕೊಂಡೆ ಅಂದ್ರೆ ಸುಳ್ಳು, ಹಾಗಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ" ಎನ್ನುವಾಗ ಮಾಮನ ದನಿ ಇಳಿಯುತ್ತದೆ. ಪಟ್ಟಿ ಒಳಗೇ ಉಳಿದಿದ್ದರೆ ಸುರುಳಿ ಒಂದು ಕಡೆ ಮೂರು ಮಿಲಿಮೀಟರ್ ಎದ್ದಿರುತ್ತದೆ. ಅಷ್ಟು ಸಾಕು, ಒಳಗಿನ ಆಯಸ್ಕಾಂತದ ಗೆರೆಗಳೂ ವಾಲುತ್ತವೆ, ಪ್ಲಾಸ್ಮಾ ಅವುಗಳ ಹಿಂದೆಯೇ ಹೋಗುತ್ತದೆ.

ರಾಳ ಒಡೆದು ನೋಡುವವರು ಯಾರೂ ಇಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಸೀಮೆಸುಣ್ಣದ ಆ ಗುರುತು ಕಂಡ ಮೇಲೂ ಎರಡು ವಾರ ಇದ್ದರೂ ಇದ್ದರು. ಊಟ ಸೇರದ ಗಂಡನನ್ನು ಕೊನೆಗೆ ಹೆಂಡತಿಯೇ ಕೂರಿಸಿ ಕೇಳಿದರು. ಅವರು ಆಪರೇಷನ್ ಕೋಣೆಯಲ್ಲಿ ದಾದಿಯಾಗಿದ್ದವರು. "ಹೊಟ್ಟೆಯೊಳಗೆ ಹತ್ತಿ ಬಿಟ್ಟು ಹೊಲಿದ ಡಾಕ್ಟರು ಬಾಯಿ ಮುಚ್ಕೊಂಡಿದ್ರೆ ನೀವು ಬಿಡ್ತಿದ್ರಾ? ಆ ಹುಡುಗಿ ಮುಖ ನೋಡ್ಕೊಂಡು ಟೀ ಕುಡೀತೀರಲ್ಲ, ಗಂಟಲಲ್ಲಿ ಇಳಿಯುತ್ತೇನ್ರೀ?"

ಮಾರನೇ ದಿನ ವಿದ್ಯಾರ್ಥಿನಿಗೆ ಎಲ್ಲ ಹೇಳಿದರು. ಅವಳು ಟೀ ಕಪ್ಪು ಕೆಳಗಿಟ್ಟು ಎದ್ದು ಹೋದವಳು ಒಂಬತ್ತು ದಿನ ಬರಲಿಲ್ಲ. ಹತ್ತನೇ ದಿನ ಬಂದವಳ ಕೈಯಲ್ಲಿ ಒಂದು ನಕ್ಷೆ. "ವಾಲಿರೋದನ್ನ ಎದುರಿಂದ ಸರಿದೂಗಿಸೋ ಸಣ್ಣ ಸುರುಳಿ. ಸುತ್ತಿಕೊಡಿ. ನಿಮ್ಮ ಮಾತು ನಿಜಾನಾ ನೋಡೇಬಿಡೋಣ."

ಮಧ್ಯಾಹ್ನ ಮೂರು. ಯಂತ್ರದ ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದ್ದಾರೆ. ಇತ್ತ ನಿಯಂತ್ರಣ ಕೊಠಡಿಯಲ್ಲಿ ಮಾಮ ಗೋಡೆಗೊರಗಿ ನಿಂತಿದ್ದಾರೆ, ಕೂರಿ ಅಂದರೂ ಕೂರುವುದಿಲ್ಲ. ಎಣಿಕೆ ಸೊನ್ನೆಗೆ ಬರುತ್ತದೆ. ಧಡ್ ಎಂದು ಒಂದು ಸದ್ದು. ಕ್ಯಾಮೆರಾ ಹಿಡಿದದ್ದನ್ನು ನಿಧಾನಗತಿಯಲ್ಲಿ ಬಿಡುತ್ತಾರೆ. ಕತ್ತಲಲ್ಲಿ ನಸುಗೆಂಪು ಬಳೆಯೊಂದು ಮೂಡುತ್ತದೆ. ಅಂಚಿಗಷ್ಟೇ ಬಣ್ಣ, ನಡುಭಾಗ ಕಣ್ಣಿಗೆ ಬೆಳಕೇ ಕಾಣದಷ್ಟು ಬಿಸಿ, ಬರೀ ಖಾಲಿಯಂತೆ ತೋರುತ್ತದೆ. ಬಳೆ ಗೋಡೆಯ ಕಡೆ ವಾಲುವುದಿಲ್ಲ. ತೇಲುತ್ತದೆ, ಉಸಿರಾಡಿದಂತೆ ಮೆಲ್ಲಗೆ ಹಿಗ್ಗುತ್ತದೆ, ನಟ್ಟನಡುವೆ ನಿಂತೇ ಇರುತ್ತದೆ. ಹಿಂದೆಲ್ಲ ಇದ್ದದ್ದಕ್ಕಿಂತ ಆರು ಪಟ್ಟು ಹೊತ್ತು.

ಕೊಠಡಿಯಲ್ಲಿ ಚಪ್ಪಾಳೆ. ವಿದ್ಯಾರ್ಥಿನಿ ಚಪ್ಪಾಳೆ ತಟ್ಟುತ್ತಲೇ ಅಳುತ್ತಿದ್ದಾಳೆ. "ಎಷ್ಟು ಚೆನ್ನಾಗಿದೆ ಮಾಮ, ಹಾಳಾದ್ದು!" ಎನ್ನುತ್ತಾಳೆ. ಮಾಮ ಕನ್ನಡಕ ತೆಗೆದು ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಮತ್ತೆ ತೆಗೆಯುತ್ತಾರೆ.

ಅವಳ ಮಾರ್ಗದರ್ಶಕ ಪ್ರೊಫೆಸರ್ ಸಮಾಧಾನ ಹೇಳುತ್ತಾರೆ. ಓಲಾಟದ ವಾದ ಹೋದರೆ ಹೋಗಲಿ, ಮೂರು ಮಿಲಿಮೀಟರ್ ತಪ್ಪು ಪ್ಲಾಸ್ಮಾವನ್ನು ಎಷ್ಟು ಎಳೆಯುತ್ತದೆ ಎಂಬುದಕ್ಕೆ ಸಾವಿರದ ನಾನೂರು ಸಾಕ್ಷಿ ಅವಳ ಕೈಯಲ್ಲಿವೆಯಲ್ಲ, ಅದನ್ನೇ ಪ್ರಬಂಧ ಮಾಡಲಿ. ಇನ್ನೂ ಒಂದು ವರ್ಷ ಹಿಡಿಯುತ್ತದೆ, ಅಷ್ಟೇ. ಆಮೇಲೆ ಮಾಮನ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ತಯಾರಿಕೆಯಲ್ಲಿನ ಸಣ್ಣ ದೋಷ ಅಂತ ಒಂದು ಸಾಲು ಹಾಕಿದ್ರೆ ಸಾಕಮ್ಮ. ಮಾಮನ ಮರ್ಯಾದೆ ಪ್ರಶ್ನೆ."

"ಬೇಡ ಸರ್" ಎನ್ನುತ್ತಾರೆ ಮಾಮ. "ನನ್ನ ಹೆಸರು ಹಾಕಿದ್ರೆ ಹಾಕಿ, ಬಿಟ್ರೆ ಬಿಡಿ, ಅದು ನಿಮ್ಮಿಷ್ಟ. ಆದ್ರೆ ಪಟ್ಟಿ ಒಳಗೆ ಹೇಗೆ ಉಳೀತು ಅನ್ನೋದನ್ನ ಪೂರ್ತಿ ಬರೀಲಿ. ಎಲ್ಲೋ ನನ್ನಂಥ ಇನ್ನೊಬ್ಬ ಸುತ್ತೋನು ಇರ್ತಾನೆ. ರಾಳ ಸುರಿಯೋ ಮುಂಚೆ ಅವನು ಒಂದು ಸಲ ಬಗ್ಗಿ ನೋಡ್ಲಿ."