ಎಂಬತ್ತನೇ ಮೈಲಿಯ ಸೀಮೆಎಣ್ಣೆ

ಅಲಿಕ್ ಡೋರ್ವರ್ಡ್ ದಕ್ಷಿಣ ಧ್ರುವದ ಹಿಮದಿಂದ ಹತ್ತೂ ಕಾಲ್ಬೆರಳು ಉಳಿಸಿಕೊಂಡು ಊರಿಗೆ ಬಂದ. ನನ್ನ ತಮ್ಮ ಹ್ಯೂ ಬರಲೇ ಇಲ್ಲ. ನಮ್ಮೂರು ಡಂಡಿಯ ಬಂದರಿನಲ್ಲಿ ಹಡಗು ಕಟ್ಟಿದ ದಿನ ನಾನು ಮೊದಲು ನೋಡಿದ್ದು ಅಲಿಕ್‌ನ ಕಾಲನ್ನು. ಕುಂಟುತ್ತಾನೇನೋ ಎಂದು ನೋಡಿದೆ, ಕುಂಟಲಿಲ್ಲ. ಅವತ್ತಿನಿಂದಲೇ ನನಗೆ ಅವನ ಮೇಲೆ ಅನುಮಾನ.

ಏನು ಅನುಮಾನ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವುದು ನನ್ನ ಕೈಲಾಗದು. ಧ್ರುವದ ಕಡೆಗೆ ಆರು ಜನ ಹೊರಟಿದ್ದರು. ಕಡಲ ದಡದಲ್ಲಿ ಕಟ್ಟಿಕೊಂಡಿದ್ದ ಗುಡಿಸಲಿನಿಂದ ಎಂಬತ್ತು ಮೈಲಿ ದೂರದಲ್ಲಿ, ಬರುವ ದಾರಿಗೆ ಬೇಕಾಗುತ್ತದೆಂದು, ಊಟದ ಚೀಲಗಳನ್ನೂ ಎಂಟು ಡಬ್ಬಿ ಸೀಮೆಎಣ್ಣೆಯನ್ನೂ ಹಿಂದಿನ ವರ್ಷವೇ ಹಿಮದ ದಿಬ್ಬ ಮಾಡಿ ಇಟ್ಟುಬಂದಿದ್ದರು. ಅರ್ಧ ದಾರಿಯಿಂದ ಮೂವರು ಹಿಂದಿರುಗಿದರು: ಅಲಿಕ್, ಒಬ್ಬ ಡಾಕ್ಟರು, ಹಿಮದ ಬೆಳಕಿಗೆ ಕಣ್ಣು ಹೋಗಿ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಅಧಿಕಾರಿ. ಮುಂದೆ ಹೋದ ಮೂವರು ನಾಯಕರು, ಒಬ್ಬ ನಾವಿಕ, ನಮ್ಮ ಹ್ಯೂ. ಅವರು ಮೂರು ವಾರದ ಮೇಲೆ ಅದೇ ದಿಬ್ಬಕ್ಕೆ ಬಂದಾಗ ಊಟವಿತ್ತು, ಎಣ್ಣೆ ಮಾತ್ರ ಅರ್ಧಕ್ಕರ್ಧ ಇರಲಿಲ್ಲ. ಅಲ್ಲಿ ಎಣ್ಣೆಯಿಲ್ಲ ಎಂದರೆ ಕುಡಿಯಲು ನೀರೂ ಇಲ್ಲ, ಸ್ಟವ್ ಹಚ್ಚದೆ ಹಿಮ ಕರಗುವುದಿಲ್ಲವಲ್ಲ. ಗುಡಿಸಲು ಇನ್ನೂ ಮೂವತ್ತು ಮೈಲಿ ಇರುವಾಗ ಹ್ಯೂ ಸತ್ತ. ಡಾಕ್ಟರು ಇಡೀ ಹೊತ್ತು ಕಣ್ಣು ಕಾಣದವನ ಕೈ ಹಿಡಿದುಕೊಂಡೇ ಇದ್ದರಂತೆ. ಹಾಗಿದ್ದ ಮೇಲೆ ದಿಬ್ಬ ಬಿಚ್ಚಿ ಡಬ್ಬಿ ಮುಟ್ಟಿದವನು ಅಲಿಕ್ ಒಬ್ಬನೇ.

ಯಾತ್ರೆಯ ನಾಯಕರು ತಮ್ಮ ವರದಿಯಲ್ಲಿ ‘ಎಣ್ಣೆ ಕಡಿಮೆ ಇತ್ತು’ ಎಂದಷ್ಟೇ ಬರೆದರು. ಆದರೆ ಹ್ಯೂನ ಡೇರೆಯಲ್ಲಿದ್ದು ಬದುಕಿ ಬಂದ ನಾವಿಕ ಬಂದರಿನಲ್ಲಿ ಬಾಯಿ ಬಿಟ್ಟ. ವಾರ ಕಳೆಯುವುದರೊಳಗೆ ಸೆಣಬಿನ ಗಿರಣಿಯ ಹೆಂಗಸರಿಂದ ಹಿಡಿದು ಮೀನಿನ ಕಟ್ಟೆಯ ಮುದುಕರವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಅಲಿಕ್ ಇದ್ದಬದ್ದ ಎಣ್ಣೆಯನ್ನೆಲ್ಲ ಉರಿಸಿ, ಹೊಟ್ಟೆ ತುಂಬ ಬಿಸಿ ಟೀ ಕುಡಿದು ಬಂದ ಎಂದು.

ಅವನು ಹುಟ್ಟಿದ್ದು ನಮ್ಮ ಬೀದಿಯಲ್ಲೇ, ನಾಲ್ಕನೇ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ. ಅಪ್ಪ ತಿಮಿಂಗಿಲ ಬೇಟೆಗೆ ಹೋದವನು ವಾಪಸಾಗಲಿಲ್ಲ. ಅಮ್ಮ ಗಿರಣಿಯ ಸದ್ದಿಗೆ ಕಿವಿ ಕಳೆದುಕೊಂಡಳು. ಹಾಗಾಗಿ ಆ ಮನೆಯಲ್ಲಿ ಮಾತಿಗಿಂತ ಕೈಸನ್ನೆಯೇ ಹೆಚ್ಚು, ಅವನು ಮಾತು ಕಲಿತದ್ದೇ ಬೀದಿಯಲ್ಲಿ. ಓದು ಬರಹ ತಲೆಗೆ ಹತ್ತಲಿಲ್ಲ. ಹದಿನೈದಕ್ಕೆ ಅವನೂ ತಿಮಿಂಗಿಲದ ಹಡಗು ಹತ್ತಿದ. ಇಪ್ಪತ್ತಮೂರಕ್ಕೆ ಮೊದಲ ಸಲ ದಕ್ಷಿಣಕ್ಕೆ ಹೋಗಿ, ಎರಡು ಚಳಿಗಾಲ ಜಾರುಬಂಡಿ ಎಳೆದು, ಡೇರೆ ಹೊಲಿದು, ಸೀಲ್ ಮಾಂಸ ಬೇಯಿಸಿ ಬಂದ. ಸಾಹೇಬರುಗಳಿಗೆ ಪದಕ ಸಿಕ್ಕಿತು, ಇವನಿಗೆ ಒಂದು ಜೊತೆ ಉಣ್ಣೆಯ ಕೈಗವಸು. ಆರು ವರ್ಷದ ಮೇಲೆ ಎರಡನೇ ಸಲ ಹೊರಟಾಗ ಹ್ಯೂನನ್ನೂ ಜೊತೆಗೆ ಕರೆದೊಯ್ದ. “ನಾನಿದ್ದೀನಲ್ಲಮ್ಮಾ, ನೋಡ್ಕೋತೀನಿ” ಎಂದು ನಮ್ಮಮ್ಮನಿಗೆ ಹೇಳಿ ಹೋದವನು ಇವನೇ.

ಹ್ಯೂ ಗುಡಿಸಲಿನಿಂದ ಬರೆದ ಒಂದು ಕಾಗದ ನಮ್ಮಲ್ಲಿದೆ. ಡೇರೆಯೊಳಗೆ ಊಟ ಹಂಚುವಾಗ ಜಗಳ ಬರಬಾರದೆಂದು ಒಂದು ಪದ್ಧತಿ ಮಾಡಿಕೊಂಡಿದ್ದರಂತೆ. ಅಲಿಕ್ ಪಾಲು ಮಾಡುವುದು, ಹ್ಯೂ ಬೆನ್ನು ತಿರುಗಿಸಿ ಕೂರುವುದು. ಅಲಿಕ್ ಒಂದು ಬಟ್ಟಲು ತೋರಿಸಿ “ಇದು ಯಾರಿಗೆ?” ಎಂದರೆ ಹ್ಯೂ ನೋಡದೆ ಒಂದು ಹೆಸರು ಹೇಳುವುದು. ‘ಇಷ್ಟು ನ್ಯಾಯ ಡಂಡಿಯ ಕೋರ್ಟಿನಲ್ಲೂ ಇಲ್ಲ’ ಎಂದು ಬರೆದಿದ್ದ ಹುಡುಗ. ನಾನು ಆ ಕಾಗದವನ್ನು ಹತ್ತು ಸಲ ಓದಿದೆ. ಬೆನ್ನು ತಿರುಗಿಸಿ ಕೂತವನಿಗೆ ಹಿಂದೆ ಏನು ನಡೆಯುತ್ತದೆಂದು ಏನು ಗೊತ್ತಾಗಬೇಕು, ಪಾಪ!

ಊರಿಗೆ ಬಂದ ಮೇಲೆ ಅಲಿಕ್ ಪ್ರತಿ ಭಾನುವಾರ ನಮ್ಮ ಮನೆಗೆ ಬರತೊಡಗಿದ. ಒಂದು ವಾರವೂ ತಪ್ಪಿಸಲಿಲ್ಲ. ತಪ್ಪಿಲ್ಲದವನು ಹೀಗೆ ಮೂರು ವರ್ಷ ಹೊಸ್ತಿಲು ಸವೆಸುತ್ತಾನೆಯೇ? ಅಮ್ಮ ಓಟ್ಸ್ ರೊಟ್ಟಿ ಕೊಡುತ್ತಿದ್ದಳು. ಅವನು ಒಂದು ಚೂರೂ ಉದುರಿಸದೆ ತಿನ್ನುತ್ತಿದ್ದ.

“ಕೊನೇ ದಿನ ನನ್ನ ಮಗನಿಗೆ ಬಿಸಿಯಾಗಿ ಏನಾದ್ರೂ ಸಿಕ್ತೇನೋ ಅಲಿಕ್?” ಎಂದು ಅಮ್ಮ ಕೇಳುವಳು.

“ನಾನು ಆ ಡೇರೆಯಲ್ಲಿ ಇರಲಿಲ್ವಲ್ಲಮ್ಮಾ.”

“ಇರಲಿಲ್ಲ, ಗೊತ್ತು ನಮಗೆ,” ಎಂದು ನಾನು ಮೂಲೆಯಿಂದ ಚುಚ್ಚುತ್ತಿದ್ದೆ. “ನೀನು ಬೆಚ್ಚಗೆ ಮುಂದೆ ಹೋಗಿದ್ದೆ.”

ಅವನು ಬಟ್ಟಲು ಕೆಳಗಿಟ್ಟು ನನ್ನನ್ನು ಒಮ್ಮೆ ನೋಡುವನು, ಸುಮ್ಮನಾಗುವನು. ಬಾಯಿಗೆ ಬೀಗ ಹಾಕಿದವನ ಹಾಗೆ. ಆ ಮೌನ ಕಂಡರೆ ನನಗೆ ಮೈ ಉರಿಯುತ್ತಿತ್ತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವನನ್ನು ಕಾದೆ, ಒಂದು ಮಾತಾದರೂ ಜಾರೀತು ಎಂದು. ಜಾರಲಿಲ್ಲ.

ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಹೊಸದೊಂದು ಹಡಗು ದಕ್ಷಿಣಕ್ಕೆ ಸಜ್ಜಾಯಿತು. ಅದರ ಕ್ಯಾಪ್ಟನ್ ನಮ್ಮ ಅಂಗಡಿಗೆ ಬಂದರು. ನಮ್ಮದು ಜೀನು, ಪಟ್ಟಿ ಹೊಲಿಯುವ ತೊಗಲಿನ ಅಂಗಡಿ. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಅವರು ತೀರಿಕೊಂಡಾಗಿನಿಂದ ಕತ್ತಿ ಹಿಡಿದವಳು ನಾನೇ. ಜಾರುಬಂಡಿ ಎಳೆಯುವ ಪಟ್ಟಿಗಳು, ಬೂಟಿನ ಅಟ್ಟೆಗಳು, ಎಣ್ಣೆ ಡಬ್ಬಿಗಳ ಬಿರಡೆಗೆ ಮುನ್ನೂರು ತೊಗಲಿನ ವಾಷರು, “ಹಿಂದಿನ ಹಡಗಿಗೆ ಮಾಡಿಕೊಟ್ಟ ಹಾಗೇ” ಎಂದರು. ಆಮೇಲೆ ಟೋಪಿ ತೆಗೆದು, ತಗ್ಗಿದ ದನಿಯಲ್ಲಿ ಕೇಳಿದರು:

“ಡೋರ್ವರ್ಡ್ ಬರ್ತೀನಿ ಅಂತ ಹೆಸರು ಕೊಟ್ಟಿದ್ದಾನೆ. ಅಂಥ ಕೆಲಸಗಾರ ಮತ್ತೊಬ್ಬ ಸಿಗೋದಿಲ್ಲ. ಆದರೆ ಊರಲ್ಲಿ ಮಾತಿದೆ. ನೀವು ಹ್ಯೂ ಗೆಡ್ಡಿಸ್‌ನ ಅಕ್ಕ. ನೀವೇನಂತೀರಿ?”

“ಎಣ್ಣೆಯ ಹತ್ತಿರ ಮಾತ್ರ ಬಿಡಬೇಡಿ ಅಂತೀನಿ.”

“ಸಾಕ್ಷಿ ಇದೆಯಾ?”

ಇರಲಿಲ್ಲ. “ಶನಿವಾರದೊಳಗೆ ತಂದುಕೊಡ್ತೀನಿ” ಎಂದುಬಿಟ್ಟೆ. ಶನಿವಾರ ಅವರು ಹಡಗಿನ ಪಟ್ಟಿಗೆ ಸಹಿ ಹಾಕುವವರಿದ್ದರು. ಹಿಮ ಬಿಟ್ಟರೆ ಅಲಿಕ್‌ಗೆ ಬೇರೆ ಕಸುಬಿಲ್ಲ. ಈ ಸಲ ಹೆಸರು ಹೊಡೆದುಹಾಕಿದರೆ ಮುಂದೆ ಯಾವ ಕ್ಯಾಪ್ಟನ್ನೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ. ಅದು ಗೊತ್ತಿದ್ದೇ ಆ ಮಾತು ಆಡಿದೆ.

ಶುಕ್ರವಾರ ಮಧ್ಯಾಹ್ನ ಅವನು ಬಂದರಿಗೆ ಹೋಗಿದ್ದ ಹೊತ್ತು ನೋಡಿ ಅವನ ಬಾಡಿಗೆ ಕೋಣೆಗೆ ಹೋದೆ. ಮನೆಯೊಡತಿ ಬೆಲ್ಲಾ ಕೌಟ್ಸ್ ಕೀಲಿಕೈ ಕೊಡುತ್ತ, “ಏನು ಸಿಕ್ಕಿದ್ರೂ ನನಗೂ ಹೇಳಬೇಕು ಮತ್ತೆ” ಎಂದಳು. ಕಿಟಕಿ ಪೂರಾ ತೆರೆದಿತ್ತು, ಅವನು ಮಂಜು ಬಿದ್ದರೂ ಅದನ್ನು ಮುಚ್ಚುವುದಿಲ್ಲವಂತೆ. ಅವನ ಹಡಗಿನ ಪೆಟ್ಟಿಗೆಯಲ್ಲಿ ಅಂಗಿ, ಸೂಜಿದಾರ, ನಮ್ಮಮ್ಮ ಹೆಣೆದುಕೊಟ್ಟ ಕಾಲುಚೀಲ. ತಳದಲ್ಲಿ ಹೊಗೆಸೊಪ್ಪಿನ ಡಬ್ಬಿ. ಸಿಕ್ಕಿಬಿದ್ದೆ ಕಳ್ಳಾ ಎಂದುಕೊಂಡೇ ತೆರೆದೆ.

ಒಳಗೆ ನಾಲ್ಕು ತೊಗಲಿನ ವಾಷರುಗಳಿದ್ದವು. ಕುಗ್ಗಿ, ಮುದುಡಿ, ಅಂಚು ಮೇಲೆದ್ದು, ಒಣಗಿದ ಕಿತ್ತಳೆ ಸಿಪ್ಪೆಯ ಹಾಗೆ ಗಟ್ಟಿಯಾಗಿದ್ದವು. ಪ್ರತಿಯೊಂದರ ಅಂಚಿನಲ್ಲೂ ಒಂದು ಸಣ್ಣ ಕಚ್ಚು. ವಾಷರು ಕತ್ತರಿಸುವ ನನ್ನ ಉಳಿಯ ಬಾಯಿ ಒಂದು ಕಡೆ ಮುರಿದಿದೆ, ನಾನು ಹೊಡೆದ ಪ್ರತಿ ವಾಷರಿನಲ್ಲೂ ಆ ಕಚ್ಚು ಬೀಳುತ್ತದೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಇದನ್ನು ಯಾವ ಡಬ್ಬಿಯ ಬಾಯಿಗಿಟ್ಟು ಎಷ್ಟು ಬಿಗಿದರೂ ಸುತ್ತ ಸಂದು ಉಳಿಯುತ್ತದೆ, ಎಣ್ಣೆ ಅದರಲ್ಲೇ ಆರಿಹೋಗುತ್ತದೆ. ತೊಗಲಿನ ಕೆಲಸದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

“ಏನು ಇಸಾ, ನನ್ನ ಬಟ್ಟೆ ಮಡಿಸಿಡೋಕೆ ಬಂದ್ಯಾ?”

ಅಲಿಕ್ ಬಾಗಿಲಲ್ಲಿ ನಿಂತಿದ್ದ. ನಾನು ಡಬ್ಬಿ ಎತ್ತಿ ತೋರಿಸಿದೆ. ಅವನ ಮುಖದ ನಗು ಹೋಯಿತು.

“ಅದನ್ನ ಎಸೆದುಬಿಡಬೇಕಿತ್ತು ನಾನು. ಹಾಳಾದ ಬುದ್ಧಿ.”

“ಹೇಳು,” ಎಂದೆ. “ಎಲ್ಲಾ ಹೇಳು, ಇಲ್ಲದಿದ್ರೆ ಇಲ್ಲಿಂದ ಕದಲೋಳಲ್ಲ ನಾನು.”

ಮಂಚದ ಅಂಚಿಗೆ ಕೂತು ಹೇಳಿದ. ದಿಬ್ಬಕ್ಕೆ ಬರುವ ಮೊದಲೇ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತಂತೆ. ಊಟದ ಚೀಲಗಳೆಲ್ಲ ಅದೇ ವಾಸನೆ. ಡಬ್ಬಿ ಎತ್ತಿದರೆ ಹಗುರ, ಬಿರಡೆ ಬಿಗಿದ ಹಾಗೇ ಇತ್ತು, ಮುರಿದಿರಲಿಲ್ಲ, ತೂತಿರಲಿಲ್ಲ. ತೀರ ಕೆಟ್ಟಿದ್ದ ನಾಲ್ಕು ವಾಷರು ಕಿತ್ತು, ತನ್ನ ಕ್ಯಾನ್ವಾಸಿನ ಚೀಲ ಹರಿದು, ಆ ಚೂರುಗಳಿಗೆ ಸೀಲ್ ಕೊಬ್ಬು ಸವರಿ ಬಾಯಿ ತುರುಕಿದ. ತಮ್ಮ ಮೂವರ ಪಾಲಿನಲ್ಲೂ ಒಂದು ಡಬ್ಬಿ ಅಲ್ಲೇ ಬಿಟ್ಟು ಬಂದ.

“ಚೀಟಿ ಬರೆದಿಡೋಕೆ ಏನಾಗಿತ್ತು ನಿನಗೆ?”

“ಬರೆಯೋಕೆ ಬರ್ತಿದ್ರೆ ಬರೆದಿಡ್ತಿದ್ದೆ ಕಣೇ. ಡಾಕ್ಟರಿಗೆ ಹೇಳ್ದೆ, ಗುಡಿಸಲಿಗೆ ಹೋಗಿ ಬರೆಯೋಣ ಅಂದ್ರು. ಅವರ ಕೈ ಬಾತುಹೋಗಿತ್ತು. ದಾರಿಯಲ್ಲಿ ಅವರಿಗೂ ಜ್ವರ ಏರಿತು, ಆಮೇಲೆ ಅವರಿಗದು ನೆನಪೇ ಇಲ್ಲ.”

“ಹಡಗಲ್ಲಿ ಬರುವಾಗಲಾದ್ರೂ ನಾಯಕರಿಗೆ ಹೇಳಬಹುದಿತ್ತಲ್ಲ!”

ಅವನು ಡಬ್ಬಿಯಿಂದ ಒಂದು ವಾಷರು ಎತ್ತಿ ಮತ್ತೆ ಒಳಗಿಟ್ಟ. ಆಮೇಲೆ, “ನಾಯಕರೇ ನನ್ನ ಕರೆದು ಕೇಳಿದ್ರು. ಎಣ್ಣೆ ಅಲಿಕ್ ಉರಿಸಿರಬೇಕು ಅಂತ ಗೆಡ್ಡಿಸ್ ಹೇಳಿದ, ನಿಜಾನಾ ಅಂದ್ರು. ಆ ಮಾತು ಮೊದಲು ಆಡಿದ್ದು ಹ್ಯೂನೇ” ಎಂದ.

“ಸುಳ್ಳು!” ಎಂದು ಕಿರುಚಿದೆ. “ಹ್ಯೂ ಸುಳ್ಳು ಹೇಳೋನಲ್ಲ!”

“ಸುಳ್ಳೇ. ಅವನು ಹೇಳಿದ್ದೇ ಸುಳ್ಳು. ತೊಗಲಿನ ಅಂಗಡಿಯ ಮಗ ಅವನು. ಉಳಿದ ಡಬ್ಬಿಗಳ ಬಿರಡೆ ತೆಗೆದ ಕೂಡಲೇ ಅವನಿಗೆ ತಿಳಿದಿರುತ್ತೆ. ಚಳಿಗಾಲವಿಡೀ ಆ ಕಚ್ಚು ತೋರಿಸಿ ತೋರಿಸಿ, ‘ಇದು ನಮ್ಮಕ್ಕನ ಕೈ ಕೆಲಸ’ ಅಂತ ಮೆರೆದೋನು. ಸಾಹೇಬರು ವಾಷರು ನೋಡಿ ನಿನ್ನ ಹೆಸರು ಎತ್ತೋಕೆ ಮುಂಚೆ ನನ್ನ ಹೆಸರು ಹೇಳಿಬಿಟ್ಟ.” ಮೂಗು ಒರೆಸಿಕೊಂಡ. “ನನಗೆ ಸಿಟ್ಟಿಲ್ಲ ಅಂದ್ಕೋಬೇಡ. ಸಿಟ್ಟಿದೆ. ನನ್ನನ್ನ ಒಂದು ಮಾತು ಕೇಳದೇ ನನ್ನ ತಲೆಗೆ ಕಟ್ಟಿದ. ಆದರೆ ಸತ್ತೋನ ಹತ್ರ ಹೇಗೆ ಜಗಳ ಆಡ್ಲಿ?”

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೂರು ವರ್ಷ ಭಾನುವಾರ ಭಾನುವಾರ ಈ ಮನುಷ್ಯನ ರೊಟ್ಟಿಗೆ ವಿಷ ಬೆರೆಸಿದ ಹಾಗೆ ಮಾತಾಡಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅವನ ಹೆಸರು ಉಳಿಯಬೇಕಾದರೆ ನಾನು ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಅಮ್ಮನಿಗೆ ತಿಳಿಯುತ್ತದೆ.

“ಸುಮ್ನಿದ್ಬಿಡು ಇಸಾ,” ಎಂದ ಅಲಿಕ್. “ನಾನು ಮೀನಿನ ದೋಣಿಗಾದ್ರೂ ಹೋಗ್ತೀನಿ.”

“ನಿನ್ನ ದೊಡ್ಡತನ ನೀನೇ ಇಟ್ಕೋ,” ಎಂದು ವಾಷರಿನ ಡಬ್ಬಿ ಎತ್ತಿಕೊಂಡು ಎದ್ದು ಬಂದೆ. ಬೆಲ್ಲಾಳಿಗೆ ಏನೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಕ್ಯಾಪ್ಟನ್ನರ ಮೇಜಿನ ಮೇಲೆ ನಾಲ್ಕೂ ವಾಷರು ಇಟ್ಟೆ. “ಸಾಕ್ಷಿ ಕೇಳಿದ್ರಿ, ತಂದಿದ್ದೀನಿ. ಎಣ್ಣೆ ಕದ್ದದ್ದು ಇವು. ಇವನ್ನ ಮಾಡಿದ್ದು ನಾನು.” ಅವರು ಒಂದನ್ನು ಎತ್ತಿ ಬೆರಳಲ್ಲಿ ಬಗ್ಗಿಸಲು ನೋಡಿದರು, ಅದು ಮುರಿಯಿತು. ಅಂಥ ಚಳಿಯಲ್ಲಿ ತೊಗಲು ಹೀಗಾಗುತ್ತದೆಂದು ಯಾರಿಗೆ ಗೊತ್ತಿತ್ತು, ನಿಮ್ಮ ತಪ್ಪೇನಿದೆ ಎಂದರು. ಒಳ್ಳೆಯ ಮನುಷ್ಯ. “ಮುನ್ನೂರು ವಾಷರು ನಾನು ಮಾಡಿಕೊಡೋದಿಲ್ಲ, ಡಬ್ಬಿಗಳ ಬಾಯಿಗೆ ಬೆಸುಗೆ ಹಾಕಿಸಿ” ಎಂದೆ. ನನ್ನೆದುರಿಗೇ ಅವರು ಅಲಿಕ್‌ನ ಹೆಸರು ಬರೆದುಕೊಂಡರು.

ಮಾರನೇ ದಿನ, ಅಲಿಕ್ ಬರುವ ಮೊದಲು, ಅಮ್ಮನಿಗೆ ಹೇಳಿದೆ. ಹ್ಯೂ ಆಡಿದ ಸುಳ್ಳನ್ನು ಮಾತ್ರ ಹೇಳಲಿಲ್ಲ. ಅಮ್ಮ ಅಳಲಿಲ್ಲ. “ನಾನೂ ಅವನೇ ಅಂದ್ಕೊಂಡಿದ್ದೆ ಕಣೇ,” ಎಂದಳು. “ರೊಟ್ಟಿ ಕೊಟ್ಟು ಕೂರಿಸ್ತಿದ್ದದ್ದು ಯಾವತ್ತಾದ್ರೂ ಬಾಯಿ ಬಿಡ್ತಾನೆ ಅಂತ.” ನಮ್ಮಮ್ಮನನ್ನು ನಾನು ಸಾಧು ಎಂದು ತಿಳಿದಿದ್ದೆ, ಅವಳು ನನಗಿಂತ ಒಂದು ಕೈ ಮೇಲಿದ್ದಳು.

ಹಡಗು ಹೊರಟ ದಿನ ಅಮ್ಮ ಬಂದರಿಗೆ ಬಂದಳು. ಎಲ್ಲರೆದುರು ಅಲಿಕ್‌ನ ಎರಡೂ ಕೆನ್ನೆ ಹಿಡಿದು, “ಕ್ಷಮಿಸಿಬಿಡು ಮಗನೇ” ಎಂದಳು. ಆ ಒರಟ ಬಿಕ್ಕಿ ಬಿಕ್ಕಿ ಅತ್ತ. ಸುತ್ತ ನಿಂತ ಗಿರಣಿಯ ಹೆಂಗಸರು ಶಾಲಿನಲ್ಲಿ ಕಣ್ಣೊರೆಸಿಕೊಂಡರು. ಮೂರು ವರ್ಷ ಅವನ ಮೇಲೆ ಕೆಸರು ಎರಚಿದವರೇ ಅವರು, ನನ್ನ ಜೊತೆ.

ಮನೆಗೆ ಬಂದು ನಾನು ಟೀಗೆ ನೀರಿಟ್ಟೆ. ಅಮ್ಮ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

“ಇಸಾ, ಒಂದು ಕೇಳ್ತೀನಿ, ನಿಜ ಹೇಳು. ಆ ವಾಷರು ಕತ್ತರಿಸೋವಾಗ ನೀನು ಅವಸರದಲ್ಲಿದ್ಯಾ?”

“ಇಲ್ಲಮ್ಮ.”

“ಒಳ್ಳೇ ತೊಗಲೇ ಹಾಕಿದ್ದೆ ತಾನೇ?”

“ಹೂಂ ಅಮ್ಮ.”

ತಲೆಯಾಡಿಸಿದಳು. ಮರುದಿನ ಟೀ ಕುಡಿಯುವಾಗ ಅದನ್ನೇ ಕೇಳಿದಳು. ಅದರ ಮರುದಿನವೂ ಕೇಳಿದಳು. ಅಲಿಕ್ ಹೋಗಿ ಎರಡು ಚಳಿಗಾಲ ಕಳೆದವು, ಒಂದು ದಿನವೂ ಬಿಟ್ಟಿಲ್ಲ. ನಾನು ಪ್ರತಿ ದಿನ ಇಲ್ಲಮ್ಮ ಎನ್ನುತ್ತೇನೆ. ಮೊದಮೊದಲು ಅದು ನಿಜವೆಂದು ನನಗೆ ಖಾತ್ರಿಯಿತ್ತು. ಈಗ ಆ ದಿನ ಅವಸರದಲ್ಲಿದ್ದೆನೋ ಇಲ್ಲವೋ, ಎಷ್ಟು ನೆನಪಿಸಿಕೊಂಡರೂ ತಿಳಿಯುತ್ತಿಲ್ಲ.