ಹತ್ತು ದಿನದ ಪಥ್ಯ

ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬೆಣ್ಣೆಯಣ್ಣ ಬಚ್ಚಲಿನ ಬೇಸಿನ್ನಿನ ಮುಂದೆ ನಿಂತು, ಕೆನ್ನೆಯೊಳಗೆ ಅಡಗಿಸಿಟ್ಟುಕೊಂಡಿದ್ದ ರಕ್ತದೊತ್ತಡದ ಮಾತ್ರೆಯನ್ನು ಉಗುಳುತ್ತಿದ್ದ. ನಲ್ಲಿ ತಿರುಗಿಸಿ, ಅದು ಜಾಲರಿಯ ಮೇಲೆ ಕರಗಿ ಬೆಳ್ಳಗೆ ಹರಿದುಹೋಗುವ ತನಕ ನೋಡಿ, ಬಾಯಿ ಒರೆಸಿಕೊಂಡ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ನುಂಗಿದೆ ಅಂದ್ರಲ್ಲ?"

"ನುಂಗಿದೆ."

"ಮತ್ತೆ ಅಲ್ಲಿ ಹೋಗಿದ್ದೇನು, ಹಲ್ಲಾ?"

"ಮೆತ್ತಗೆ ಮಾತಾಡೇ. ದಿನಾ ಮಾತ್ರೆ ತಿಂತೀನಿ ಅಂತ ಡಿಪೋದವರಿಗೆ ಗೊತ್ತಾದ್ರೆ ಬಸ್ಸಿಂದ ಇಳಿಸಿಬಿಡ್ತಾರೆ."

ಅವನು ಬಸ್ಸಿನಿಂದ ಇಳಿದು ಏಳು ವರ್ಷವಾಗಿತ್ತು.

ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿದವನು. ಅವನು ಬ್ರೇಕು ಹಾಕಿದರೆ, ನಿಂತ ಹೆಂಗಸರು ಕಂಬಿ ಬಿಟ್ಟು ಎರಡೂ ಕೈಯಲ್ಲಿ ಕೂದಲು ಕಟ್ಟಿಕೊಳ್ಳಬಹುದಿತ್ತು. ಅದಕ್ಕೇ ಜೊತೆಯ ಕಂಡಕ್ಟರ್ ಅವನಿಗೆ ಬೆಣ್ಣೆ ಎಂದು ಹೆಸರಿಟ್ಟಿದ್ದು.

ಚಾಲಕರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಇರುತ್ತಿತ್ತು. ರಕ್ತದೊತ್ತಡದ ಮೇಲಿನ ಅಂಕಿ ನೂರ ನಲವತ್ತು ದಾಟಿದರೆ ಸ್ಟೀರಿಂಗ್ ಕೈತಪ್ಪುತ್ತಿತ್ತು. ಟೈರುಗಳ ಗೋದಾಮಿನಲ್ಲಿ ಕೂರಿಸುತ್ತಿದ್ದರು. ಹಾಗೆ ಕೂತವರನ್ನು ಉಳಿದವರು ಪಂಕ್ಚರ್ ಎಂದು ಕರೆಯುತ್ತಿದ್ದರು. ದಿನವೂ ಮಾತ್ರೆ ತಿನ್ನುವವನೆಂದು ಗೊತ್ತಾದರೂ ಅದೇ ಗತಿ. ಹೀಗಾಗಿ ಡಿಪೋದಲ್ಲಿ ಒಂದು ರೂಢಿ ಬೆಳೆದಿತ್ತು. ಪರೀಕ್ಷೆಗೆ ಹತ್ತು ದಿನ ಇರುವಾಗ ಮಾತ್ರೆ ಶುರುಮಾಡುವುದು, ಉಪ್ಪು ಬಿಡುವುದು. ಪರೀಕ್ಷೆಯ ಸಂಜೆಯೇ ಮಾತ್ರೆ ನಿಲ್ಲಿಸಿ ಉಪ್ಪಿನ ಡಬ್ಬಿಗೆ ಕೈ ಹಾಕುವುದು. ಇದಕ್ಕೆ ಪಥ್ಯ ಎಂದು ಹೆಸರು.

"ಏನು ಬೆಣ್ಣೆ, ಪಥ್ಯ ಶುರುವಾಯ್ತಾ? ಮುಖಾನೂ ಸಪ್ಪೆ ಆಗಿದೆ" ಎಂದು ಕಂಡಕ್ಟರ್ ಪ್ರತಿ ವರ್ಷ ಕೇಳುತ್ತಿದ್ದ.

ಬೆಣ್ಣೆಯಣ್ಣನ ಅಂಕಿ ನೂರ ಎಪ್ಪತ್ತೆಂದು ಮೊದಲು ಗೊತ್ತಾದಾಗ ಅವನಿಗೆ ನಲವತ್ತನಾಲ್ಕು. ತಲೆನೋವಿರಲಿಲ್ಲ, ತಲೆಸುತ್ತಿರಲಿಲ್ಲ. ನೋವು ಕೊಡದ ಕಾಯಿಲೆಯನ್ನು ಕಾಯಿಲೆಯೆಂದು ನಂಬುವುದು ಕಷ್ಟ. ಆ ಹತ್ತು ಮಾತ್ರೆಗಳನ್ನು ತರುತ್ತಿದ್ದವಳು ಹೆಂಡತಿ. ಗುರುತಿನವರು ಸಿಗಬಾರದೆಂದು ಎರಡು ನಿಲ್ದಾಣ ಆಚೆಯ ಔಷಧಿ ಅಂಗಡಿಗೆ ಹೋಗುತ್ತಿದ್ದಳು. ತಂದು ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ನಡುವೆ ಇಡುತ್ತಿದ್ದಳು. ಮೊದಲ ವರ್ಷ ಪಾಸಾಗಿ ಬಂದ ದಿನ ಅವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವಂತೆ ತನ್ನ ಅಂಕಿಯನ್ನು ಕೂಗಿ ಹೇಳಿದ್ದ. ಅವಳು ನಕ್ಕು ಒಳಗೆ ಎಳೆದುಕೊಂಡಿದ್ದಳು. ಹದಿನಾರು ವರ್ಷ ಹೀಗೆ ನಡೆಯಿತು. ವರ್ಷದಲ್ಲಿ ಹತ್ತು ದಿನ ಮಿದುಳಿನ ಸಣ್ಣ ರಕ್ತನಾಳಗಳು ಸುಧಾರಿಸಿಕೊಂಡವು. ಉಳಿದ ದಿನವೆಲ್ಲ ಏಟು ತಿಂದವು. ನಿವೃತ್ತಿಯಾದ ಮೇಲೆ ಪರೀಕ್ಷೆಯೂ ಇಲ್ಲ, ಮಾತ್ರೆಯೂ ಇಲ್ಲ.

ಒಂದು ದಿನ, ಮನೆಗೆ ಬಂದಿದ್ದ ಕಂಡಕ್ಟರ್ ಜೊತೆಗಿನ ಹರಟೆಯ ನಡುವೆ, ತನ್ನ ರೂಟಿನ ನಿಲ್ದಾಣಗಳನ್ನು ಸಾಲಾಗಿ ಹೇಳಲು ಹೋಗಿ ಐದನೆಯದರಲ್ಲಿ ನಿಂತುಬಿಟ್ಟ.

"ಯಾಕಪ್ಪಾ, ಇಳಿಯೋರು ಯಾರಾದ್ರೂ ಇದಾರಾ?" ಎಂದ ಕಂಡಕ್ಟರ್. ಬೆಣ್ಣೆಯಣ್ಣ ಗೋಡೆ ನೋಡುತ್ತಲೇ ಇದ್ದ. ಕಂಡಕ್ಟರ್ ನಗು ನಿಲ್ಲಿಸಿ ಒಳಗಿದ್ದ ಅವನ ಹೆಂಡತಿಯನ್ನು ಕರೆದ.

ಮಿದುಳಿನ ಸ್ಕ್ಯಾನಿನಲ್ಲಿ ಚಿಕ್ಕ ಚಿಕ್ಕ ಬಿಳಿ ಮಚ್ಚೆಗಳಿದ್ದವು. "ಇದು ನಿನ್ನೆ ಮೊನ್ನೆಯದಲ್ಲಮ್ಮ" ಎಂದರು ಡಾಕ್ಟರು. "ಬಿಪಿ ಇದೆ ಅಂತ ಗೊತ್ತಿರ್ಲಿಲ್ವಾ?"

"ಪ್ರತಿ ವರ್ಷ ಚೆಕ್ ಮಾಡ್ತಿದ್ರು. ನಾರ್ಮಲ್ ಅಂತಾನೇ ಬರ್ತಿತ್ತು." ಹೇಳುವಾಗ ಅವಳು ಸೆರಗಿನ ಅಂಚನ್ನು ತಿರುಚುತ್ತಿದ್ದಳು.

"ಹೋಗಿದ್ದು ವಾಪಸ್ ಬರಲ್ಲ. ಇರೋದು ಇನ್ನಷ್ಟು ಹೋಗದ ಹಾಗೆ ನೋಡ್ಕೋಬಹುದು. ಮಾತ್ರೆ ಒಂದು ದಿನಾನೂ ತಪ್ಪಬಾರದು."

ಅಲ್ಲಿಂದ ಅವಳ ಗೋಳು ಶುರುವಾಯಿತು. ಈಚಿನದೆಲ್ಲ ಅಳಿಸಿಹೋಗಿದ್ದ ಅವನ ತಲೆಯಲ್ಲಿ ಡಿಪೋದ ಭಯ ಮಾತ್ರ ಗಟ್ಟಿಯಾಗಿ ಕೂತಿತ್ತು. ಗದರಿದಳು, ಕಾಲು ಹಿಡಿದಳು. ಪುಡಿ ಮಾಡಿ ಹಾಲಿಗೆ ಬೆರೆಸಿದರೆ ಕಹಿಯಿಂದಲೇ ಕಂಡುಹಿಡಿದುಬಿಟ್ಟ. ಎರಡು ದಿನ ಅವಳ ಕೈಯ ಊಟವನ್ನೇ ಮುಟ್ಟಲಿಲ್ಲ. ಅಂಕಿ ನೂರ ಎಂಬತ್ತಾರಕ್ಕೆ ಏರಿತು. ಆ ವಾರ ಅವನಿಗೆ ಮಗಳ ಹೆಸರು ಮರೆತುಹೋಯಿತು. ಮುಂದಿನ ಸರದಿ ತನ್ನದೆಂದು ಅವಳಿಗೆ ಗೊತ್ತಿತ್ತು.

ಈಗ ಬೇಸಿನ್ನಿನ ಮುಂದೆ ಅವಳು ಎರಡನೆಯ ಮಾತ್ರೆ ಹಿಡಿದು ನಿಂತಳು.

"ಪರೀಕ್ಷೆ ಯಾವತ್ತು ಹೇಳು, ಆವಾಗ ತಗೋತೀನಿ" ಎಂದ ಅವನು.

"ನಾಳೆ" ಎಂದಳು. ಯೋಚಿಸಿ ಹೇಳಿದ್ದಲ್ಲ, ಸಿಟ್ಟಿಗೆ ಬಾಯಿಂದ ಬಿತ್ತು.

ಅವನ ಮುಖ ಬಿಳಿಚಿಕೊಂಡಿತು. "ನಾಳೇನಾ? ಮೊದಲೇ ಹೇಳಬಾರ್ದಿತ್ತೇನೇ?" ಮಾತ್ರೆ ಕಿತ್ತುಕೊಂಡು ನೀರಿಲ್ಲದೆ ನುಂಗಿದ.

ಮರುದಿನವೂ ನಾಳೆ ಎಂದಳು. ಅದರ ಮರುದಿನವೂ. ಮೂರು ವಾರಕ್ಕೆ ಅಂಕಿ ನೂರ ಐವತ್ತೆಂಟಕ್ಕೆ ಇಳಿಯಿತು. ಡಾಕ್ಟರು ಖುಷಿಪಟ್ಟು "ಹೀಗೇ ಮುಂದುವರಿಸಿ" ಎಂದರು. ಹೇಗೆ ಎಂದು ಅವಳು ಹೇಳಲಿಲ್ಲ.

ಏಕೆಂದರೆ ಅವನು ಈಗ ದಿನವೂ ಪರೀಕ್ಷೆಯ ಹಿಂದಿನ ದಿನದಲ್ಲಿ ಬದುಕುತ್ತಿದ್ದ. ಮಧ್ಯಾಹ್ನದಿಂದಲೇ ಖಾಕಿ ಅಂಗಿ ಹುಡುಕುವುದು, ಬೂಟು ಹಾಕಿಕೊಂಡು ಮಂಚದ ಅಂಚಿಗೆ ಕೂರುವುದು. "ಗೊತ್ತಾಗುತ್ತಾ ಅವರಿಗೆ? ಟೈರ್ ಗೋದಾಮಿಗೆ ಹಾಕಿಬಿಡ್ತಾರಾ?" ಮಾತ್ರೆ ಉಗುಳುತ್ತಿದ್ದ ದಿನಗಳಲ್ಲಿ ಅವನು ಕಿಟಕಿಯಲ್ಲಿ ಕೂತು ಹಾಡಾದರೂ ಗುನುಗುತ್ತಿದ್ದ. ಈಗ ಅದೂ ನಿಂತಿತ್ತು.

ಕಂಡಕ್ಟರ್ ಬಂದು, ವಿಷಯ ಕೇಳಿ, "ಅತ್ತಿಗೆ, ಪಾಸು ಅಂತ ನಾನೇ ಹೇಳಿಬಿಡ್ಲಾ?" ಎಂದು ಒಳಗೆ ಹೋದ. "ಪಾಸು ಕಣೋ ಬೆಣ್ಣೆ, ನೀನು ಪಂಕ್ಚರ್ ಆಗ್ಲಿಲ್ಲ." ಬೆಣ್ಣೆಯಣ್ಣ ಅವನ ಭುಜಕ್ಕೆ ಹಣೆಯಿಟ್ಟು ಅತ್ತ. ಆ ನೆಮ್ಮದಿ ಅಂದು ಮಲಗುವ ತನಕ ಇತ್ತು. ಬೆಳಿಗ್ಗೆ ಮಾತ್ರೆ ಮತ್ತೆ ಕೆನ್ನೆಯೊಳಗೆ ಸೇರಿತು. ಅವಳು ಮತ್ತೆ ನಾಳೆ ಎಂದಳು.

ಅಂದು ಹೊರಡುವಾಗ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ ಕಂಡಕ್ಟರ್ ಹೇಳಿದ್ದ, "ನಿಲ್ಲಿಸಿ ಅನ್ನೋಕೂ ಬಾಯಿ ಬರಲ್ಲ, ಮಾಡಿ ಅನ್ನೋಕೂ ಬರಲ್ಲ."

ಆರನೆಯ ವಾರ, ಒಂದು ಸಂಜೆ, ಅವಳು ರಕ್ತದೊತ್ತಡ ಅಳೆಯುವ ಯಂತ್ರದ ಪಟ್ಟಿಯನ್ನು ಅವನ ತೋಳಿಗೆ ಸುತ್ತಿದಳು. ಅವನು ಬೆನ್ನು ನೆಟ್ಟಗೆ ಮಾಡಿ ಕೂತ. ಅವಳ ಮುಖವನ್ನು ನೋಡಿದ. ಆ ನೋಟದಲ್ಲಿ ಗುರುತು ಇರಲಿಲ್ಲ.

"ಸಿಸ್ಟರ್" ಎಂದ ಮೆಲ್ಲಗೆ. "ಜಾಸ್ತಿ ಬಂದ್ರೂ ಬರೀಬೇಡಿ. ನನಗೆ ಬಸ್ ಬಿಟ್ರೆ ಬೇರೆ ಏನೂ ಬರಲ್ಲ. ಮನೇಲಿ ಹೆಂಡ್ತಿ ಕಾಯ್ತಿರ್ತಾಳೆ, ಏನು ಹೇಳ್ಲಿ ಅವಳಿಗೆ?"

ಅವಳು ಗುಂಡಿ ಒತ್ತಿದಳು, ಪಟ್ಟಿ ಬಿಗಿಯಾಯಿತು. ಗಾಳಿ ಇಳಿಯಿತು. ನೂರ ನಲವತ್ತೆರಡು, ಎಂಬತ್ತನಾಲ್ಕು. ಇಷ್ಟು ಕಡಿಮೆ ಅಂಕಿಯನ್ನು ಅವಳು ಈ ಯಂತ್ರದಲ್ಲಿ ಕಂಡೇ ಇರಲಿಲ್ಲ. ಅವನ ಲೆಕ್ಕದಲ್ಲಿ ಮಾತ್ರ ಅದು ಫೇಲು. ತಿಳಿಸಿ ಹೇಳೋಣವೆಂದರೆ ಕೇಳುವವನು ಆ ಹೊತ್ತಿಗೆ ಅಲ್ಲಿರಲಿಲ್ಲ.

"ಎಷ್ಟು ಸಿಸ್ಟರ್?"

ಅವಳು ಯಂತ್ರದ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಹೊಸ್ತಿಲ ಮೇಲೆ ಚಪ್ಪಲಿ ಬಿಡದೆ ನಿಂತವನು ಅಂದು ಕೂಗಿದ್ದ ಅಂಕಿಯನ್ನೇ, ಅಂಗಿಯ ತೋಳು ಇಳಿಸುತ್ತಾ, ಅವನಿಗೆ ಹಿಂದಕ್ಕೆ ಕೊಟ್ಟಳು.

"ನೂರ ಇಪ್ಪತ್ತೆಂಟು, ಎಂಬತ್ತು."