ಡಬ್ಬಿಯ ಮೇಲಿನ ಹಳದಿ ಗೆರೆ

ಪಕ್ಕದ ಮನೆಯವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಳದಿ. ನಮ್ಮ ಕಸದ ಡಬ್ಬಿ ಗಾಳಿಗೆ ಉರುಳಿ ತಮ್ಮ ಅಂಗಳಕ್ಕೆ ಬಂದಿದೆ ಎಂದು ಹೇಳಲು ಮೊದಲ ಸಲ ಬಾಗಿಲಿಗೆ ಬಂದಾಗ ನಾನು ಮುಖ ನೋಡಲಿಲ್ಲ, ಉಗುರು ನೋಡಿದೆ. ಅರಿಶಿನ ಮೆತ್ತಿದ ಹಾಗಿತ್ತು. ಎಪ್ಪತ್ತರ ಹತ್ತಿರದ ಬಿಳಿಯ ಮುದುಕ, ಒಂಟಿ ಮನುಷ್ಯ, ಹೆಬ್ಬೆರಳಿಗೆ ಅರಿಶಿನ! ನನ್ನ ಸಂಶಯ ಶುರುವಾದದ್ದು ಅವತ್ತೇ.

ನಾವು ಅಮೆರಿಕದ ವುಡಿನ್‌ವಿಲ್‌ಗೆ ಬಂದು ಆಗಿನ್ನೂ ತಿಂಗಳಾಗಿರಲಿಲ್ಲ. ನಮ್ಮವರಿಗೆ ಮುಕಿಲ್ಟಿಯೊ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಅವರು ಹೊರಟುಹೋದರೆ ಮನೆಯಲ್ಲಿ ನಾನು, ರಾಯರ ಫೋಟೋ, ಅಡಿಗೆಮನೆಯ ಕಿಟಕಿ. ಆ ಕಿಟಕಿಗೆ ಎದುರಾಗಿ ಪಕ್ಕದ ಮನೆಯವರ ಗ್ಯಾರೇಜು. ಸುಳ್ಳು ಯಾಕೆ ಹೇಳಲಿ, ನೋಡುತ್ತಿದ್ದೆ. ಗ್ಯಾರೇಜಿನ ಗಾಜಿಗೆಲ್ಲ ಒಳಗಿನಿಂದ ಕಾಗದ ಅಂಟಿಸಿದ್ದರು. ವಾರಕ್ಕೊಂದು ಪೆಟ್ಟಿಗೆ ಬರುತ್ತಿತ್ತು. ಸಹಿ ಹಾಕಿ, ಆಚೆ ಈಚೆ ನೋಡಿ, ಒಳಗೆಳೆದುಕೊಂಡು ಬಾಗಿಲು ಹಾಕಿಬಿಡುತ್ತಿದ್ದರು.

"ಅಲ್ರೀ, ಆ ಮುದುಕ ಒಳಗ ಏನ ಮಾಡತಿರಬೇಕು?"

"ಖೊಟ್ಟಿ ನೋಟು ಛಾಪಿಸತಿರಬೇಕು, ತಗೋ. ನಿನಗ್ಯಾಕ ಊರ ಉಸಾಬರಿ?"

ಒಂದು ಶನಿವಾರ ಅವರಿಗೆ ಇಟಲಿಯಿಂದ ಬಂದ ಪೆಟ್ಟಿಗೆಯನ್ನು ಕೊರಿಯರಿನವನು ತಪ್ಪಿ ನಮ್ಮ ಬಾಗಿಲಲ್ಲಿ ಇಟ್ಟುಹೋದ. ಕೊಟ್ಟು ಬರುತ್ತೇನೆಂದು ಹೋದ ನಮ್ಮವರು, ಚಹಾ ಆರಿ, ಮತ್ತೆ ಕಾಸಿ, ಅದೂ ಆರಿದ ಮೇಲೆ ಬಂದರು. ಮುಖದ ಮೇಲೆ ಮದುವೆಯ ದಿನವೂ ಇರದಿದ್ದ ಕಳೆ.

"ಫಾರ್ಮುಲಾ ಕಾರ್ ಅದ ಅಲ್ಲೆ! ಖರೇ ಖರೇ ಫಾರ್ಮುಲಾ ಕಾರು!"

ಟಿವಿಯಲ್ಲಿ ತೋರಿಸುವ ದೊಡ್ಡ ರೇಸಿನ ಕಾರುಗಳು ಒಂದೆರಡು ವರ್ಷಕ್ಕೆ ಹಳೆಯವಾಗುತ್ತವಂತೆ. ಹಾಗೆ ನಿವೃತ್ತಿಯಾದವನ್ನು ಕೆಲವರು ಕೊಂಡು, ಯುರೋಪಿನಲ್ಲಿ ಬೇಸಿಗೆಯುದ್ದಕ್ಕೂ ಅವೇ ಮೈದಾನಗಳಲ್ಲಿ ರೇಸ್ ನಡೆಸುತ್ತಾರಂತೆ. ಈ ಮನುಷ್ಯ ತಮ್ಮ ದೋಣಿ ಎಂಜಿನ್ನಿನ ವರ್ಕ್‌ಶಾಪ್ ಮಾರಿ ಅಂಥದೊಂದು ಕೊಂಡಿದ್ದರು. ವಸಂತದಲ್ಲಿ ಕಾರನ್ನು ಪೆಟ್ಟಿಗೆ ಕಟ್ಟಿ ಕಳಿಸಿ, ತಾವೂ ಹೋಗಿ, ಸೆಪ್ಟೆಂಬರಿನ ತನಕ ಓಡಿಸಿ, ಚಳಿಗಾಲಕ್ಕೆ ಮನೆಗೆ ತಂದು ಕೊನೆಯ ಸ್ಕ್ರೂವಿನ ತನಕ ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು.

"ಕಾರೂ ರಿಟೈರ್, ಮನಷ್ಯಾನೂ ರಿಟೈರ್. ಇಬ್ಬರೂ ಮನ್ಯಾಗ ಕೂಡಬೇಕಿಲ್ಲೋ?" ಎಂದೆ.

ಅಂದಿನಿಂದ ನಮ್ಮವರ ಶನಿವಾರಗಳೆಲ್ಲ ಅಲ್ಲಿಯೇ. ಆ ಕಾರಿನ ಮೈ ಕಾರ್ಬನ್ ಫೈಬರಿನದು, ಇವರು ಕೆಲಸದಲ್ಲಿ ನೋಡುವಂಥದೇ. ಒಳಗೆ ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲವಂತೆ. ನಾಣ್ಯದಿಂದ ಬಡಿದು ಸಪ್ಪಳ ಕೇಳಬೇಕಂತೆ.

"ಸಂತ್ಯಾಗ ಗಡಿಗಿ ಬಾರಿಸಿ ತಗೊಂಡಂಗ. ಇದಕ್ಕ ಎಂಜಿನಿಯರಿಂಗ್ ಓದಬೇಕಾಗಿತ್ತೇನು? ನಮ್ಮವ್ವನ್ನ ಕರಸಿದ್ರ ಆಗತಿತ್ತು."

ಬಾಯಲ್ಲಿ ಚೇಷ್ಟೆ, ತಲೆಯಲ್ಲಿ ಒಂದೇ ಚಿಂತೆ: ಇವರೂ ಆ ಕಾರು ಓಡಿಸಲು ಹೋದರೆ? ಒಂದು ಶನಿವಾರ ಹಚ್ಚಿದ ಅವಲಕ್ಕಿಯನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ನಾನೇ ಹೋದೆ. ಅವಲಕ್ಕಿ ನೆಪ. ಹೋದದ್ದು ತಪಾಸಣೆಗೆ.

ಗ್ಯಾರೇಜು ನನ್ನ ಅಡಿಗೆಮನೆಗಿಂತ ಚೊಕ್ಕಟವಾಗಿತ್ತು. ನಡುವೆ ಉದ್ದ ಮೂತಿಯ, ಒಬ್ಬನೇ ಕೂಡುವಷ್ಟು ಜಾಗದ ಕಾರು. ಒಂದು ಯಂತ್ರ ಅದರ ಹೊಟ್ಟೆಗೆ ಕೊಳವೆಯಿಂದ ಬಿಸಿನೀರು ಹಾಯಿಸುತ್ತಿತ್ತು. ತಣ್ಣಗಿರುವಾಗ ಶುರು ಮಾಡಿದರೆ ಎಂಜಿನ್ ಹಾಳಾಗುತ್ತದೆ, ಮೊದಲು ಬಿಸಿನೀರು, ಬಿಸಿ ಎಣ್ಣೆ ಆಗಬೇಕು ಎಂದರು. ದೀಪಾವಳಿಯ ಎಣ್ಣೆಸ್ನಾನ! ನಗು ಬಂತು, ನುಂಗಿಕೊಂಡೆ.

ಅರಿಶಿನದ ಗುಟ್ಟೂ ಅಲ್ಲೇ ಬಿಚ್ಚಿತು. ಬೋಲ್ಟು ಬಿಗಿ ಮಾಡುತ್ತಿದ್ದರು. ಮಾಡಿ, ಅದನ್ನು ಬಿಟ್ಟು, ಒಂದು ಕಪ್ ಕಾಫಿ ಕುಡಿದು ಬಂದು, ಅದೇ ಬೋಲ್ಟನ್ನು ಹೊಸಬರ ಹಾಗೆ ಮತ್ತೆ ಪರೀಕ್ಷಿಸುತ್ತಿದ್ದರು. ಆಮೇಲೆ ಬೋಲ್ಟಿನ ತಲೆಯಿಂದ ಕಾರಿನ ಮೈಯವರೆಗೆ ಹಳದಿ ಬಣ್ಣದ ಒಂದು ಗೆರೆ. ಬೋಲ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ತುಂಡಾಗಿ ಕಾಣುತ್ತದೆ. ಹೆಚ್ಚಾದ ಬಣ್ಣವನ್ನು ಒರೆಸುವುದು ಹೆಬ್ಬೆರಳಿನಿಂದ.

ನನ್ನ ಡಬ್ಬಿಯನ್ನೂ ಬಿಡಲಿಲ್ಲ. ಮುಚ್ಚಳ ತೆಗೆದು ಮೂಸಿದರು. "ಏನೇನು ಹಾಕಿದ್ದೀರಿ?" ಎಂದರು. ನನ್ನ ಮುರುಕು ಇಂಗ್ಲಿಷಿನಲ್ಲಿ ಶೇಂಗಾ, ಪುಟಾಣಿ, ಕರಿಬೇವು ಎಂದು ಒಂದೊಂದೇ ಹೇಳಿದೆ. ಒಂದು ಶೇಂಗಾಕಾಳು ತಿಂದು, ಸ್ವಲ್ಪ ಹೊತ್ತು ಕಾದು, ಇನ್ನೊಂದು ತಿಂದರು.

"ಬೇಸರ ಮಾಡಿಕೊಳ್ಳಬೇಡಿ ಮ್ಯಾಡಮ್. ನಾನು ಯಾರನ್ನೂ ನಂಬುವುದಿಲ್ಲ. ನನ್ನನ್ನಂತೂ ಮೊದಲೇ ನಂಬುವುದಿಲ್ಲ."

ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವಳು ನಾನು. ಮಾತು ಹಿಡಿಸಿತು. ಮನುಷ್ಯನ ಮೇಲಿನ ಅನುಮಾನ ಮಾತ್ರ ಹೋಗಲಿಲ್ಲ. ಶನಿವಾರ ಅವಲಕ್ಕಿ ಒಯ್ಯುವುದು, ಸುತ್ತ ಕಣ್ಣಾಡಿಸಿ ಬರುವುದು ರೂಢಿಯಾಯಿತು. "ಇನ್ಸ್‌ಪೆಕ್ಟರ್ ಬಂದರು, ಎದ್ದು ನಿಲ್ಲಿ!" ಎಂದು ನಮ್ಮವರಿಗೆ ಹೇಳುತ್ತಿದ್ದರು.

ವಸಂತ ಬಂತು, ನಾನು ಹೆದರಿದ್ದೇ ಆಯಿತು. ಸೆಪ್ಟೆಂಬರಿಗೆ ಬೆಲ್ಜಿಯಂನಲ್ಲಿ ಸೀಜನ್ನಿನ ಕೊನೆಯ ರೇಸು, ಕಾರಿನ ಮೈ ನೋಡಿಕೊಳ್ಳಲು ಎರಡು ವಾರ ನಮ್ಮವರು ಬರಲಿ ಎಂದರು. ನಮ್ಮವರ ಕಣ್ಣು ಕಾರಿನ ಮೈ ಮೇಲೆ ಇರಲಿಲ್ಲ, ಸೀಟಿನ ಮೇಲಿತ್ತು. ಸ್ನೋ ಬಿದ್ದ ದಿನ ನಮ್ಮ ಮನೆಯ ಇಳಿಜಾರಿನಲ್ಲೇ ವ್ಯಾನನ್ನು ಬೇಲಿಗೆ ಹಾಯಿಸಿದವರು ಇವರು. ಆ ಕಾರಿನಲ್ಲಿ ಕೂತರೆ ನನಗೆ ಮರಳಿ ಸಿಗುವವರಲ್ಲ.

ಕಾರು ಪೆಟ್ಟಿಗೆ ಸೇರುವ ದಿನ ಹೋಗಿ ಅವರೆದುರು ನಿಂತೆ. "ನನ್ನ ಗಂಡ ಇದನ್ನು ಓಡಿಸಬಾರದು. ಮಾತು ಕೊಡಿ," ಎಂದೆ. ನಮ್ಮವರು ಹಿಂದಿನಿಂದ, "ಏ, ಮಾನಾ ಕಳೀಬ್ಯಾಡ," ಎಂದು ಗೊಣಗಿದರು. ಅವರು ನಗಲಿಲ್ಲ. ನನ್ನ ಕೈಯಲ್ಲಿದ್ದ ಖಾಲಿ ಡಬ್ಬಿ ತೆಗೆದುಕೊಂಡು, ಮುಚ್ಚಳ ಒತ್ತಿ ಹಾಕಿ, ಕಾಫಿ ಕುಡಿಯಲು ಹೋದರು. ಬಂದು ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಕುಂಚ ಅದ್ದಿ, ಮುಚ್ಚಳದಿಂದ ಡಬ್ಬಿಯ ಮೈವರೆಗೆ ಒಂದು ಹಳದಿ ಗೆರೆ ಎಳೆದು ಕೈಗಿತ್ತರು.

"ಇದು ಸಡಿಲಾಗುವುದಿಲ್ಲ, ಇನ್ಸ್‌ಪೆಕ್ಟರ್."

ಸೆಪ್ಟೆಂಬರಿನ ಆ ಎರಡು ವಾರ ರಾಯರ ಮುಂದೆ ದೀಪ ಆರಲು ಬಿಡಲಿಲ್ಲ. ಫೋನ್ ಬಂತು, ಅದೊಂದು ದಯೆ. ದನಿ ಗಟ್ಟಿ ಇತ್ತು, ಅದೊಂದು ದಯೆ. ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬಂದರು, ಅದಕ್ಕಿಂತ ದೊಡ್ಡದು ಬೇಕೆ?

ಹದಿನೈದು ದಿನ ಬಿಟ್ಟು ಅಂಚೆಯಲ್ಲಿ ಒಂದು ಫೋಟೋ ಬಂತು. ಹೆಲ್ಮೆಟ್ ಹಾಕಿಕೊಂಡು ಕಾರಿನೊಳಗೆ ಕೂತ ನಮ್ಮವರು. ಪಕ್ಕದಲ್ಲಿ, ಟಾವೆಲ್ ಸುತ್ತಿದ ಏನೋ ಒಂದನ್ನು ಬಗಲಲ್ಲಿ ಇರುಕಿಕೊಂಡು ನಿಂತ ಅವರು. ಕೂತದ್ದು ಕೂತಿದ್ದಾರೆ, ಓಡಿಸಿರಲಿಕ್ಕಿಲ್ಲ ಎಂದುಕೊಂಡೆ. ಆದರೆ ಪಕ್ಕದ ಊರು ರೆಡ್ಮಂಡ್‌ನಲ್ಲಿ ಗೆಳೆಯರ ಮನೆಯ ದೀಪಾವಳಿ ಊಟದಲ್ಲಿ ಆ ಫೋಟೋ ಕೈಯಿಂದ ಕೈಗೆ ಹೋಯಿತು. "ಓಡಿಸಿದ್ರಾ ಸಾರ್?" ಎಂದು ಬೆಂಗಳೂರಿನವರೊಬ್ಬರು ಕೇಳಿದರು. ನಮ್ಮವರು ಎದೆ ಉಬ್ಬಿಸಿ, "ಮತ್ತ? ಒಂದ ರೌಂಡ್ ಹೊಡದೆ," ಎಂದರು. ನಾನು ಚಕ್ಕುಲಿ ತಟ್ಟೆ ಹಿಡಿದು ನಿಂತಿದ್ದೆ.

ಮನೆಗೆ ಬರುವಾಗ ಕೇಳಿದೆ. "ಖರೇನ ಓಡಿಸಿದ್ರೇನು?"

ರಸ್ತೆಯಿಂದ ಕಣ್ಣು ಕೀಳಲಿಲ್ಲ. "ಹೂಂ. ಈಗೇನಾತು? ಬಂದೀನಲ್ಲಾ ಕೈಕಾಲು ಸಾಬೂತ."

ಮರುದಿನ ಟಪಾಲು ತೆಗೆಯಲು ಬಂದ ಮುದುಕರಿಗೆ ಫೋಟೋ ಹಿಡಿದೆ. "ಮಾತು ಕೊಟ್ಟಿದ್ದಿರಿ. ನನ್ನ ಗಂಡ ಓಡಿಸಿದೆ ಎನ್ನುತ್ತಿದ್ದಾರೆ," ಎಂದೆ. ಅವರು ಫೋಟೋ ನೋಡಿದರು, ನಮ್ಮ ಮನೆಯ ಕಡೆ ನೋಡಿದರು. "ಇನ್ಸ್‌ಪೆಕ್ಟರ್, ಫೋಟೋ ಇನ್ನೊಮ್ಮೆ ಸರಿಯಾಗಿ ನೋಡಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಎಂಥ ಸೊಕ್ಕು ಅನಿಸಿತು. ಬಂದು ಡಬ್ಬಿಯನ್ನು ತಂತಿಜುಂಗಿನಿಂದ ತಿಕ್ಕಿದೆ. ಮುಚ್ಚಳದ ಮೇಲಿನ ಗೆರೆ ಹೋಯಿತು. ಡಬ್ಬಿಯ ಮೈಯ ಮೇಲಿನದು ಹೋಗಲಿಲ್ಲ, ಕೈ ಸೋತು ಬಿಟ್ಟೆ.

ಆ ಚಳಿಗಾಲ ಅವಲಕ್ಕಿ ಹೋಗಲಿಲ್ಲ. ಸ್ನೋ ಬಿದ್ದಾಗ ನಮ್ಮ ಅಂಗಳದ್ದನ್ನೂ ಅವರೇ ಸಲಿಕೆಯಿಂದ ಎತ್ತಿಹಾಕಿದರು. ನಾನು ಪರದೆ ಎಳೆದೆ. ಫೆಬ್ರುವರಿಯಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದರು. ನಮ್ಮವರು ದಿನಾ ಸಂಜೆ ಹೋಗಿಬರುತ್ತಿದ್ದರು. ಪ್ರತಿ ಗುರುವಾರ ರಾಯರ ಹೆಸರಲ್ಲಿ ಒಪ್ಪತ್ತು ಮಾಡುವ ನಾನು, ಹಾಸಿಗೆ ಹಿಡಿದ ನೆರೆಯವರಿಗೆ ಒಂದು ಲೋಟ ಗಂಜಿ ಕಳಿಸಲಿಲ್ಲ. ಹತ್ತನೆಯ ದಿನ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ನಮ್ಮವರು ಬೂಟು ಕೂಡ ಬಿಚ್ಚದೆ ಅಡಿಗೆಮನೆಯ ನೆಲದ ಮೇಲೆ ಕೂತರು. "ಫೋಟೋ ತಗೊಂಡ ಬಾ," ಎಂದರು. ತಂದೆ.

"ಸ್ಟೀರಿಂಗ್ ಎಲ್ಲದ, ತೋರಸು."

ಇರಲಿಲ್ಲ. ನಮ್ಮವರ ಎರಡು ಕೈಗಳ ನಡುವೆ ಬರಿಯ ಒಂದು ಕಬ್ಬಿಣದ ಮೂತಿ.

"ಆ ಕಾರಿನ್ಯಾಗ ಇಳೀಬೇಕಂದ್ರ ಸ್ಟೀರಿಂಗ್ ಬಿಚ್ಚಬೇಕು. ಕೂತ ಮ್ಯಾಲೆ ಬಾಜೂಕ ನಿಂತವರು ಕೈಗೆ ಕೊಡತಾರ. ನನಗ ಕೊಡಲಿಲ್ಲ. ಟಾವೆಲ್ಲಿನ್ಯಾಗ ಸುತ್ತಿ ಬಗಲಾಗ ಹಿಡ್ಕೊಂಡ ನಿಂತಬಿಟ್ರು. ಕೈ ಮುಗದೆ. 'ಊರಿಗೆ ಹೋದ ಮ್ಯಾಲೆ ನಿನ್ನ ಹೆಂಡತಿ ಗೆರಿ ನೋಡತಾಳ' ಅಂದ್ರು."

"ಮತ್ತ ನಾ ಕೇಳಿದಾಗ ಅವರ ಯಾಕ ಹೇಳಲಿಲ್ಲ?"

"ನಾನೂ ಕೇಳಿದೆ. 'ಅದು ನೀ ಬಿಗಿ ಮಾಡಬೇಕಾದ ಬೋಲ್ಟು, ನಾ ಮುಟ್ಟಂಗಿಲ್ಲ' ಅಂದ್ರು. ಇವತ್ತ ಹೇಳತೀನಿ, ನಾಳೆ ಹೇಳತೀನಿ ಅನ್ನೂದ್ರಾಗ..."

ಬಗಲಲ್ಲಿ ಅವರು ಇರುಕಿಕೊಂಡಿದ್ದು ನನ್ನ ಕುಂಕುಮವನ್ನು. ನನ್ನ ಗಂಡನ ಮರ್ಯಾದೆಯನ್ನೂ ಹಾಗೆಯೇ ಇರುಕಿಕೊಂಡು, ಇಡೀ ಚಳಿಗಾಲ ನನ್ನ ಸಿಟ್ಟನ್ನು ಮೈಮೇಲೆ ಹಾಕಿಕೊಂಡು ಹೋದರು. ಇನ್ನೊಮ್ಮೆ ನೋಡಿ ಎಂದು ಅವರು ಹೇಳಿದ ದಿನ ನಾನು ನೋಡಿದ್ದರೆ ಸಾಕಿತ್ತು.

ಡಬ್ಬಿ ಈಗಲೂ ಇದೆ. ಮೈಮೇಲೆ ಅರ್ಧ ಗೆರೆ, ಮುಚ್ಚಳ ಬೋಳು. ಪ್ರತಿ ಶನಿವಾರ ಅವಲಕ್ಕಿ ಹಚ್ಚಿ ತುಂಬಿ, ಮುಚ್ಚಳದ ಮೇಲೆ ಹೆಬ್ಬೆರಳಿನಿಂದ ಅರಿಶಿನದ ಗೆರೆ ಎಳೆದು ಅವರ ಗೆರೆಗೆ ಕೂಡಿಸುತ್ತೇನೆ. ತೊಳೆದರೆ ಹೋಗುತ್ತದೆ, ಮತ್ತೆ ಎಳೆಯುತ್ತೇನೆ. ಆಮೇಲೆ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಚಹಾ ಕುಡಿದು ಬಂದು, ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ನೋಡುತ್ತೇನೆ.